ಎರಡು ಚೀಲಕ್ಕೆ ಎರಡು ಕಿಲೋ ಕಡಿಮೆ

ಕಳೆದ ಜನವರಿಯಲ್ಲಿ ಊರಿಗೆ ಬಂದಿದ್ದಾಗ ಸೋಮವಾರಪೇಟೆಯ ಕಾಫಿ ಡಿಪೋ ಒಂದರಲ್ಲಿ ನನ್ನನ್ನು ತೂಗಿದರು. ತೂಗಿ ಎಂದು ನಾನೇನೂ ಕೇಳಿರಲಿಲ್ಲ. ತಿರುಳು ತೆಗೆದು ಒಣಗಿಸಿದ ಕಾಫಿ ಬೀಜದ, ಅಂದರೆ ಪಾರ್ಚ್‌ಮೆಂಟಿನ, ಐವತ್ತು ಕಿಲೋ ಚೀಲಗಳನ್ನು ಜೀಪಿನಿಂದ ಇಳಿಸಿ ಒಂದೊಂದಾಗಿ ತೂಕದ ಯಂತ್ರದ ಮೇಲೆ ಇಡುತ್ತಿದ್ದರು. ಕೊನೆಯ ಚೀಲ ಇಳಿದ ಮೇಲೆ ಚಿಕ್ಕಪ್ಪ ನನ್ನ ಬೆನ್ನಿಗೆ ಕೈಕೊಟ್ಟು, "ಹತ್ತು ಮಾರಾಯ, ನಿನ್ನದೂ ಒಂದು ನೋಡಿಬಿಡೋಣ" ಎಂದು ದಬ್ಬಿದರು. ಕೆಂಪು ಅಂಕಿ ತುಸು ಹೊತ್ತು ಓಲಾಡಿ 98ಕ್ಕೆ ನಿಂತಿತು. "ಎರಡು ಚೀಲಕ್ಕೆ ಎರಡು ಕಿಲೋ ಕಡಿಮೆ!" ಎಂದು ಅವರು ಕೂಗಿದ್ದು ಹೊರಗಿನ ಜೀಪಿನವನಿಗೂ ಕೇಳಿಸಿರಬೇಕು. ತೇವಾಂಶದ ಮೀಟರ್ ಹಿಡಿದು ನಿಂತಿದ್ದ ಹುಡುಗ, "ತೇವಾಂಶ ಕಳೆದರೆ ಇನ್ನೂ ಇಳಿಯುತ್ತದೆ ಬಿಡಿ" ಎಂದ. ಚೀಲ ಹೊರುವವರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಜಪಾನಿಗೆ ಹೋಗಿ ಕೊಬ್ಬು ಬಂದಿದೆ ಎನ್ನುತ್ತಿದ್ದರು.

ಅಂದು ರಾತ್ರಿ ಹಸಿವಿಲ್ಲ ಎಂದು ಹೇಳಿ ಬೇಗ ಮಲಗಿದೆ. ಹನ್ನೊಂದರ ಮೇಲೆ ಎದ್ದು, ದೀಪ ಹಾಕದೆ, ಒಲೆಯ ಪಕ್ಕ ನಿಂತುಕೊಂಡೇ ತಣ್ಣಗಾದ ಅಕ್ಕಿ ರೊಟ್ಟಿ ನಾಲ್ಕನ್ನು ಸಾರಿನ ಪಾತ್ರೆಗೇ ಅದ್ದಿ ತಿಂದೆ. ಪಾತ್ರೆಯ ಮುಚ್ಚಳ ಸದ್ದಾಗದಂತೆ ಸೆರಗಿನಲ್ಲಿ ಹಿಡಿಯುವುದನ್ನು ಅಮ್ಮನಿಂದ ಕಲಿತಿದ್ದೆ. ನನ್ನ ಬಳಿ ಇದ್ದದ್ದು ಪಂಚೆಯ ಚುಂಗು. ನಲವತ್ತನಾಲ್ಕು ವರ್ಷದ ಗಂಡಸು ಹುಟ್ಟಿದ ಮನೆಯ ಅಡುಗೆಮನೆಯಲ್ಲೇ ಕಳ್ಳನಾಗಿ ನಿಂತಿದ್ದೆ. ಊಟಕ್ಕೆ ಕುಳಿತಿದ್ದರೆ ಎರಡು ರೊಟ್ಟಿಗೆ ಮುಗಿಯುತ್ತಿತ್ತು.

ದಪ್ಪಗಿರುವವರನ್ನು ಹಂಗಿಸಿದರೆ ನಾಚಿಕೆಯಾಗಿ ಇಳಿಸುತ್ತಾರೆ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. "ಒಳ್ಳೆಯದಕ್ಕೇ ಹೇಳುವುದು." ಆದರೆ ಹಂಗಿಸುವ ಬಾಯಿ, ಬಡಿಸುವ ಕೈ ಎರಡೂ ಒಬ್ಬರವೇ ಆಗಿರುತ್ತವೆ. ನಮ್ಮ ಅತ್ತೆ ತಟ್ಟೆಗೆ ಅಕ್ಕಿ ಕಡುಬು, ಕಡಂಬುಟ್ಟು, ಹಾಕುತ್ತಲೇ "ಏನು ಹೊಟ್ಟೆಯೋ ಇದು!" ಎನ್ನುತ್ತಾರೆ, ಬೇಡವೆಂದು ಕೈ ಅಡ್ಡ ಹಿಡಿದರೆ "ಯಾಕೆ, ನಮ್ಮ ಮನೆಯದು ರುಚಿಸುವುದಿಲ್ಲವಾ?" ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ತಿಂದರೂ ಮಾತು, ಬಿಟ್ಟರೂ ಮಾತು. ತೆಳ್ಳಗಿರುವವರಿಗೂ ಬಿಡುಗಡೆಯಿಲ್ಲ; ಕಕ್ಕಡ ಮಾಸದ ಮಳೆಗಾಳಿಗೆ ಹಾರಿಹೋಗುತ್ತೀಯ ಎಂದು ನನ್ನ ತಂಗಿಯನ್ನು ಮದುವೆಯಾಗುವವರೆಗೂ ಕಾಡಿದರು.

ನಾನಿರುವ ಜಪಾನಿನ ನಗೋಯಾದಲ್ಲಿ ಹೊಟ್ಟೆ ಅಳೆಯುವುದು ಸರ್ಕಾರದ ಕೆಲಸ. 2008ರಿಂದ ಅಲ್ಲಿ 40ರಿಂದ 74 ವರ್ಷದವರ ಆರೋಗ್ಯ ತಪಾಸಣೆಯಲ್ಲಿ ಸೊಂಟದ ಸುತ್ತಳತೆಯೂ ಸೇರಿದೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90 ಗೆರೆ. ದಾಟಿದವರಿಗೆ ದಂಡ ಹಾಕುತ್ತಾರಂತೆ ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಆಗಾಗ ಒಂದು ಸಂದೇಶ ಬರುತ್ತದೆ. ಸುಳ್ಳು. ಹೊಟ್ಟೆಯವನಿಗೆ ದಂಡವಿಲ್ಲ, ಗುರಿ ತಲುಪದಿದ್ದರೆ ಹಣ ತೆರಬೇಕಾದದ್ದು ಅವನ ಆರೋಗ್ಯ ವಿಮೆ ನೋಡಿಕೊಳ್ಳುವ ಸಂಸ್ಥೆ. ಗೆರೆ ದಾಟಿ, ಜೊತೆಗೆ ರಕ್ತದೊತ್ತಡವೋ ಸಕ್ಕರೆಯೋ ಹೆಚ್ಚಿದ್ದರೆ ಆಹಾರತಜ್ಞರನ್ನು ಬಂದು ಕಾಣಿ ಎಂದು ಕಾಗದ ಬರುತ್ತದೆ.

ನನಗೆ ಆ ಕಾಗದ ನಲವತ್ತಕ್ಕೇ ಬಂತು. ಮೂರು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡೆ. ಅಲ್ಲೂ ಒಬ್ಬ ಚಿಕ್ಕಪ್ಪ ಕಾದು ಕುಳಿತಿರುತ್ತಾನೆ, ಜಪಾನಿ ಭಾಷೆಯಲ್ಲಿ ಚೀಲದ ಲೆಕ್ಕ ಹೇಳುತ್ತಾನೆ ಎಂಬ ಭಯ. ಡಿಪೋದ ಘಟನೆಯಾಗಿ ವಾಪಸು ಹೋದ ಮೇಲೆ, ಇದಕ್ಕಿಂತ ಕೆಟ್ಟದ್ದೇನು ಆಗಬಹುದು ಎಂದುಕೊಂಡು ಹೋದೆ.

ದಾದಿ ಪರದೆ ಎಳೆದು, ಉಸಿರು ಬಿಡಿ ಎಂದು, ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿದಳು. ಟೇಪು ತಣ್ಣಗಿತ್ತು. 104 ಎಂದು ಬರೆದುಕೊಂಡಳು, ಬಾಯಿಬಿಟ್ಟು ಓದಲಿಲ್ಲ. ಆಹಾರತಜ್ಞೆ ಒಳಗೆ ಕೂರಿಸಿ ಕೇಳಿದ ಮೊದಲ ಪ್ರಶ್ನೆ: ದಿನದಲ್ಲಿ ನೀವು ಯಾವುದನ್ನು ಬಿಡಲಾರಿರಿ? ಬೆಳಗಿನ ಬೆಲ್ಲದ ಕಾಫಿ ಎಂದೆ. ಹಾಗಾದರೆ ಅದು ಇರಲಿ, ಆಮೇಲಿನ ಮೂರು ಲೋಟದ ಬಗ್ಗೆ ಮಾತಾಡೋಣ ಎಂದರು. ಕೊಟ್ಟ ಗುರಿ ಸೊಂಟದಲ್ಲಿ ಎರಡು ಸೆಂಟಿಮೀಟರ್, ತೂಕದಲ್ಲಿ ಎರಡು ಕಿಲೋ. ನನಗೆ ನಗು ಬಂತು. ಎರಡು ಕಿಲೋ ನಮ್ಮಲ್ಲಿ ತೂಕದ ಯಂತ್ರದ ತಪ್ಪಿಗೆ ಬಿಟ್ಟುಕೊಡುವ ಲೆಕ್ಕ. ಆದರೆ ಎರಡೇ ಆದ್ದರಿಂದ ಇಳಿಸಿದೆ. ಆಮೇಲೆ ಒಂದು ನಿಲ್ದಾಣ ಮೊದಲೇ ಇಳಿದು ಕಚೇರಿಗೆ ನಡೆಯುವುದು ರೂಢಿಯಾಗಿ, ಅಕ್ಟೋಬರಿಗೆ 91 ಆಗಿತ್ತು.

ಬ್ರಿಟನ್ನಿನಲ್ಲಿ 50 ದಾಟಿದ 2,900ಕ್ಕೂ ಹೆಚ್ಚು ಮಂದಿಯನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿತ್ತು. ತೂಕದ ಕಾರಣಕ್ಕೆ ಜನ ಕೀಳಾಗಿ ಕಂಡರು ಎಂದವರು ಸರಾಸರಿ ಹತ್ತಿರಹತ್ತಿರ ಒಂದು ಕಿಲೋ ಏರಿದ್ದರು. ಹಾಗೆ ಅನ್ನಿಸಿಕೊಳ್ಳದವರು ಮುಕ್ಕಾಲು ಕಿಲೋದಷ್ಟು ಇಳಿದಿದ್ದರು. ಮಾತೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ ಎನ್ನುವವರು ಇದ್ದಾರೆ, ಇರಲಿ. ನನಗೆ ಅಡುಗೆಮನೆಯ ಆ ಕತ್ತಲೆ ಸಾಕು. ಅದೂ ಸಾಲದಿದ್ದರೆ ಚಿಕ್ಕಪ್ಪನೇ ಇದ್ದಾರೆ. ಅವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಪೇಟೆಯ ವೈದ್ಯರೊಬ್ಬರು ಬೆಂಚಿನಲ್ಲಿ ಕುಳಿತವರೆಲ್ಲರ ಎದುರು, "ಹೊಟ್ಟೆ ಕರಗಿಸದೆ ನನ್ನ ಮುಂದೆ ಬರಬೇಡಿ" ಎಂದು ರೇಗಿದರಂತೆ. ಚಿಕ್ಕಪ್ಪ ಮಾತಿಗೆ ತಪ್ಪುವವರಲ್ಲ. ಹೊಟ್ಟೆ ಕರಗಲಿಲ್ಲ, ಅವರು ಹೋಗಲೂ ಇಲ್ಲ. ಹಳೆಯ ಚೀಟಿಯನ್ನೇ ಮೆಡಿಕಲ್ ಅಂಗಡಿಗೆ ಕೊಟ್ಟು ಅದೇ ಮಾತ್ರೆ ತರಿಸುತ್ತಾರೆ. ಇನ್ನೊಬ್ಬರನ್ನು ತಕ್ಕಡಿಗೆ ಹತ್ತಿಸುವ ಮನುಷ್ಯ ತಾನು ಮಾತ್ರ ಹತ್ತುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಜಪಾನಿನವರು ಬಹಳ ಸಭ್ಯರು ಎಂಬ ಅನಿಸಿಕೆ ಉಳಿದರೆ ಅದು ಪೂರ್ತಿ ನಿಜವಲ್ಲ. ಬೊಜ್ಜು, ರಕ್ತದೊತ್ತಡ, ಸಕ್ಕರೆ ಒಟ್ಟಿಗೆ ಸೇರುವ ಮೆಟಬಾಲಿಕ್ ಸಿಂಡ್ರೋಮಿನ ಮೊಟಕು ರೂಪವಾದ "ಮೆಟಾಬೊ" ಎಂಬ ಪದವನ್ನು ಅಲ್ಲಿಯೂ ಗೆಳೆಯರ ಹೊಟ್ಟೆ ತಟ್ಟಿ ಹೇಳುತ್ತಾರೆ. ಇಪ್ಪತ್ತರ ಹರೆಯದ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬರು ಇರಬೇಕಾದದ್ದಕ್ಕಿಂತ ಕಡಿಮೆ ತೂಕದವರು. ನಮ್ಮ ವಿಭಾಗದ ಹುಡುಗಿಯೊಬ್ಬಳ ಮಧ್ಯಾಹ್ನದ ಊಟ ಅರ್ಧ ಅನ್ನದ ಉಂಡೆ. ಅವಳಿಗೆ ಯಾರು ಏನು ಹೇಳಿದ್ದಾರೋ, ಅಥವಾ ಏನನ್ನೂ ಹೇಳದೆಯೇ ಹೇಳಿದ್ದಾರೋ. ಟೇಪಿನ ಮಹಿಮೆಯೂ ಅಷ್ಟೇನಲ್ಲ. ಅಲ್ಲಿನ ಗಂಡಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸಲಹೆಯಿಂದ ಇಳಿದ ತೂಕ ತೀರಾ ಅಲ್ಪ ಎಂದು ಕಂಡುಬಂದಿತ್ತು. ನನ್ನ ಏಳು ಕಿಲೋದಲ್ಲಿ ಟೇಪಿನದೆಷ್ಟು, ಡಿಪೋದಲ್ಲಿ ನುಂಗಿದ ಅವಮಾನದ್ದೆಷ್ಟು ಎಂದು ಬಿಡಿಸಿ ತೂಗಲು ನನಗೂ ಆಗದು.

ಹೇಳಲು ಮನಸ್ಸಿಲ್ಲದ ಇನ್ನೊಂದು ಸಂಗತಿಯಿದೆ. ಏಳು ಕಿಲೋ ಇಳಿದದ್ದನ್ನು ನಗೋಯಾದಲ್ಲಿ ಯಾರೂ ಗಮನಿಸಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದರು. ಬೆಲ್ಟಿಗೆ ಎರಡು ಹೊಸ ತೂತು ಹೊಡೆದುಕೊಂಡು ಓಡಾಡಿದೆ. ಹತ್ತು ವರ್ಷ ಎದುರು ಮೇಜಿನಲ್ಲಿ ಕುಳಿತವರು ಹವಾಮಾನದ ಬಗ್ಗೆ ಮಾತಾಡಿದರು. ಕಾವೇರಿ ಸಂಕ್ರಮಣದ ದಿನ ಅಮ್ಮನಿಗೆ ವಿಡಿಯೊ ಕರೆ ಮಾಡಿದ್ದಾಗ ಹಿಂದಿನಿಂದ ಚಿಕ್ಕಪ್ಪನ ಮುಖ ತೂರಿತು. ಒಂದು ಕ್ಷಣ ನೋಡಿದರು, ಅಷ್ಟೇ.

"ಕೆನ್ನೆ ಇಳಿದಿದೆಯಲ್ಲ. ಬಾಯಾರಿಕೆ ಆಗುತ್ತದಾ? ರಾತ್ರಿ ಏಳುತ್ತೀಯಾ? ಸಕ್ಕರೆ ನೋಡಿಸಿದೆಯಾ?"

ನಡೆದು ಇಳಿಸಿದ್ದು ಚಿಕ್ಕಪ್ಪ, ಸಕ್ಕರೆ ಸರಿಯಾಗಿದೆ ಎಂದೆ. ಅವರಿಗೆ ಸಮಾಧಾನವಾಯಿತು. ಆಗಲೇ ನಾಲಿಗೆ ಹಳೆಯ ಜಾಗಕ್ಕೆ ಮರಳಿತು: "ಹಾಗಾದರೆ ಹುತ್ತರಿ ಹಬ್ಬಕ್ಕೆ ಬಾ, ತೂಗೋಣ. ಈ ಸಲ ತೇವಾಂಶ ಕಳೆದೇ ಲೆಕ್ಕ."

"ಬರುತ್ತೇನೆ. ಮೊದಲು ನೀವು ಹತ್ತಿ, ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗೋಣ" ಎಂದೆ.

ಪರದೆಯಲ್ಲಿ ಅವರ ಮುಖ ಹಾಗೆಯೇ ನಿಂತುಬಿಟ್ಟಿತು. ನಮ್ಮ ಮನೆಯ ಹತ್ತಿರ ನೆಟ್‌ವರ್ಕ್ ಮೊದಲಿನಿಂದಲೂ ಅಷ್ಟಕ್ಕಷ್ಟೇ.