ಗೊಣಗದೆ ಬಡಿಸುವುದು

ಅತಿಥಿಸತ್ಕಾರ ಮಾಡಿ ಎಂದಷ್ಟೇ ಬರೆದು ಯೇಸುವಿನ ಶಿಷ್ಯ ಪೇತ್ರ ಸುಮ್ಮನಾಗಿದ್ದರೆ ನಮ್ಮಂಥವರು ಹೇಗೋ ಪಾರಾಗುತ್ತಿದ್ದೆವು. ಆದರೆ ಬೈಬಲಿನಲ್ಲಿರುವ ತನ್ನ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಅವನು ಅದಕ್ಕೊಂದು ಷರತ್ತು ಹಾಕಿದ: ಗೊಣಗದೆ ಮಾಡಬೇಕು. ಪೇತ್ರ ಸಂಸಾರಿ, ಅತ್ತೆಯೂ ಇದ್ದ ಮನೆಯವನು. ಯೇಸುವನ್ನೂ ಜೊತೆಗಾರರನ್ನೂ ಸಭಾಮಂದಿರದಿಂದ ನೇರವಾಗಿ ಮನೆಗೆ ಕರೆದುಕೊಂಡು ಬಂದ ದಿನ ಆ ಅತ್ತೆ ಜ್ವರದಲ್ಲಿ ಮಲಗಿದ್ದಳು. ಯೇಸು ಕೈಹಿಡಿದು ಎಬ್ಬಿಸಿದ, ಜ್ವರ ಬಿಟ್ಟಿತು, ಆಕೆ ಅವರನ್ನು ಉಪಚರಿಸಿದಳು ಎಂದು ಮಾರ್ಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಅಷ್ಟು ಮಂದಿ ಹೊರಟುಹೋದ ಮೇಲೆ ಅತ್ತೆ ಅಳಿಯನಿಗೆ ಏನೆಂದಳೆಂದು ಯಾರೂ ಬರೆದಿಲ್ಲ. ಗೊಣಗಾಟದ ವಿಷಯ ಪೇತ್ರನಿಗೆ ಎಲ್ಲಿಂದ ತಿಳಿಯಿತು ಎಂಬುದರಲ್ಲಿ ನನಗಂತೂ ಸಂದೇಹವಿಲ್ಲ.

ನಮ್ಮ ಮನೆಯಲ್ಲಿ ಈ ವಾಕ್ಯಕ್ಕೆ ಭಾಷ್ಯ ಬರೆದವಳು ಅಜ್ಜಿ, ಅದೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದವರಿಗೆ, ಹುಡುಗನಿರಲಿ ಹುಡುಗಿಯಿರಲಿ, ಆ ರಜೆಯಲ್ಲಿ ಅಡುಗೆಮನೆಯ ಲೆಕ್ಕ ಒಪ್ಪಿಸುವುದು ಅವಳ ಪದ್ಧತಿ. ಸೌಟು ಹಿಡಿಯುವುದು ಆಮೇಲಿನ ಮಾತು, ಮೊದಲು ಪೆನ್ಸಿಲ್. ವಾರದ ಏಳು ದಿನಕ್ಕೆ ಏಳು ಸಾಲು, ಪ್ರತಿ ಸಾಲಿನ ಕೊನೆಯಲ್ಲಿ ಉಣ್ಣುವವರ ಸಂಖ್ಯೆ. ನಾವಿದ್ದದ್ದು ಎಂಟು ಜನ. ಭಾನುವಾರದ ಸಾಲಿನಲ್ಲಿ ಮಾತ್ರ ಅವಳು ‘8 + 3’ ಎಂದು ಬರೆಸುತ್ತಿದ್ದಳು. ಆ ಮೂವರು ಯಾರೆಂದು ಕೇಳಿದರೆ, ‘ಪೂಜೆ ಮುಗಿಯಲಿ, ನಿಮ್ಮ ತಾತ ಯಾರನ್ನು ಕರೆತರುತ್ತಾರೋ ನೋಡೋಣ’ ಎಂಬ ಉತ್ತರ.

ಗೊಣಗಾಟ ಹುಟ್ಟುವುದು ಕೆಟ್ಟ ಮನಸ್ಸಿನಿಂದಲ್ಲ, ಸಾಲದ ಅನ್ನದಿಂದ ಎಂಬುದು ಅವಳ ಸಿದ್ಧಾಂತ. ಒಳಗೆ ಪಾತ್ರೆಯ ತಳ ಕಾಣಿಸುತ್ತಿರುವಾಗ ಬಾಗಿಲಲ್ಲಿ ನಿಂತು ‘ಬನ್ನಿ, ಬನ್ನಿ’ ಎನ್ನುವವರ ಮುಖವನ್ನು ನೀವೂ ನೋಡಿರುತ್ತೀರಿ. ಆದ್ದರಿಂದ ಪ್ರೀತಿಯ ವಿಷಯ ದೇವರು ನೋಡಿಕೊಳ್ಳುತ್ತಾನೆ, ಅಕ್ಕಿಯನ್ನು ನೀವು ನೋಡಿಕೊಳ್ಳಿ ಎನ್ನುತ್ತಿದ್ದಳು. ಭಾನುವಾರದ ಪ್ರವಚನಗಳಲ್ಲಿ ನಾನು ಕೇಳಿದ್ದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬಂದಿದೆ.

ಮಡಿಕೇರಿಯ ಸಂತೆ ಶುಕ್ರವಾರ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಾವು ಮಾಂಸ ಮುಟ್ಟದ ದಿನವೂ ಅದೇ. ಹಾಗಾಗಿ ಸಂತೆಯ ಸೊಪ್ಪು, ಕಾಯಿಪಲ್ಲೆ ಮೊದಲು ಶುಕ್ರವಾರದ ಸಾಲಿಗೆ ಸೇರುತ್ತಿದ್ದವು, ಉಳಿದದ್ದು ವಾರದ ಪಾಲಿಗೆ. ಶನಿವಾರ ಸಂಜೆ ಹಂದಿಮಾಂಸ ಒಲೆಗೇರುತ್ತಿತ್ತು. ಭಾನುವಾರಕ್ಕೆ ಶನಿವಾರವೇ ಬೇಯಿಸುವುದು ಸೋಮಾರಿತನವಲ್ಲ. ಹುರಿದ ಮಸಾಲೆ, ಕಾಚಂಪುಳಿ ಮಾಂಸಕ್ಕೆ ಚೆನ್ನಾಗಿ ಹಿಡಿಯಬೇಕಾದರೆ ಒಂದು ರಾತ್ರಿ ಬೇಕು. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಟಾರಿನಂತೆ ಕಪ್ಪಗೆ ಗಟ್ಟಿಯಾದ ಆ ಹುಳಿ ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು. ಮರುದಿನ ನೆಂಟರು ಬಂದರೆ ಅಕ್ಕಿತರಿಯ ಉಂಡೆ ಕಡುಂಬುಟ್ಟು ಕಟ್ಟಿ ಹಬೆಗೆ ಇಡುವ ಕೆಲಸ ಮಾತ್ರ. ಹಂದಿ ತಿನ್ನದವರು ಬಂದರೆ? ಕೊಡಗಿನಲ್ಲಿ ಈ ಪ್ರಶ್ನೆಯನ್ನು ಬಿಟ್ಟು ಯಾವ ಪಟ್ಟಿಯೂ ಪೂರ್ಣವಲ್ಲ. ಅಜ್ಜಿ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಿದ್ದಳು. ಅವು ಮಾಂಸದ ಪಾತ್ರೆಗಳ ಹತ್ತಿರವೂ ಸುಳಿಯುವಂತಿರಲಿಲ್ಲ. ತೋಟದ ಲೆಕ್ಕ ಬರೆಯುತ್ತಿದ್ದ ಮುಸ್ಲಿಂ ಗೃಹಸ್ಥರು ಅವಳ ತರಕಾರಿ ಸಾರನ್ನು ಅನುಮಾನವಿಲ್ಲದೆ ಉಣ್ಣುತ್ತಿದ್ದದ್ದು ಆ ಸೌಟಿನ ದೆಸೆಯಿಂದ.

ಯೋಹಾನನ ಸುವಾರ್ತೆಯಲ್ಲಿ ಐದು ಜವೆಗೋಧಿಯ ರೊಟ್ಟಿ, ಎರಡು ಮೀನು, ಐದು ಸಾವಿರ ಗಂಡಸರು. ಪವಾಡದ ಮಾತು ಎಲ್ಲರೂ ಆಡುತ್ತಾರೆ. ಅಜ್ಜಿಗೆ ಇಷ್ಟವಾದದ್ದು ಅದರ ನಂತರದ್ದು: ಏನೂ ಹಾಳಾಗದಂತೆ ಉಳಿದ ತುಂಡುಗಳನ್ನು ಕೂಡಿಸಿ ಎಂದು ಯೇಸು ಹೇಳಿದ್ದು, ಹನ್ನೆರಡು ಪುಟ್ಟಿ ತುಂಬಿದ್ದು. ಆ ಹನ್ನೆರಡು ಪುಟ್ಟಿ ಮರುದಿನ ಏನಾದವೆಂಬ ಅವಳ ಪ್ರಶ್ನೆಗೆ ಯಾವ ಫಾದರೂ ಉತ್ತರಿಸಲಿಲ್ಲ. ನಮ್ಮಲ್ಲಾದರೆ ಅಕ್ಕಿ ಒಟ್ಟಿ, ಅಂದರೆ ಕೊಡಗಿನ ಅಕ್ಕಿ ರೊಟ್ಟಿ, ಆಗುತ್ತಿತ್ತು. ‘+ 3’ ಬಾರದ ಭಾನುವಾರ ಉಳಿದ ಅನ್ನವನ್ನು ಸೋಮವಾರ ಬೆಳಿಗ್ಗೆ ಅಗುಳು ಕಾಣಿಸದ ಹಾಗೆ ಅಂಗೈಯ ಬುಡದಿಂದ ಮಿದಿಯಬೇಕು. ಉಪ್ಪು ಹಾಕಿ, ಅಕ್ಕಿ ಹಿಟ್ಟನ್ನು ಹಿಡಿಹಿಡಿಯಾಗಿ ಸೇರಿಸುತ್ತ, ಕೈಗೆ ಅಂಟುವುದು ನಿಂತ ಕ್ಷಣವೇ ನಿಲ್ಲಿಸಬೇಕು. ಒಂದು ಹಿಡಿ ಹೆಚ್ಚಾದರೂ ಅಂಚು ಬಿರಿಯುತ್ತದೆ. ಬಾಳೆಲೆಯ ಮೇಲೆ ತಟ್ಟಿ ಕಾವಲಿಯಲ್ಲಿ ಎರಡೂ ಬದಿ ಬಾಡಿಸಿ ಕೆಂಡಕ್ಕೆ ಒಡ್ಡಿದರೆ ಉಬ್ಬುತ್ತದೆ. ಉಬ್ಬದಿದ್ದರೂ ತಿನ್ನಬಹುದು. ಬಾರದ ಅತಿಥಿಯ ಪಾಲು ನಮ್ಮ ಮಟ್ಟಿಗೆ ಎಂದೂ ನಷ್ಟವಾಗಲಿಲ್ಲ.

ಬಾರದ ನೆಂಟರಿಗೂ ಅನ್ನ ಇಡುವ ಈ ಹಟಕ್ಕೆ ಕುಟುಂಬದ ಕಥೆಯೂ ಕಾರಣವಿರಬೇಕು. ನಮ್ಮ ಹಿರಿಯರು ವಿರಾಜಪೇಟೆಯವರು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಆ ಪೇಟೆಯಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ನೆಲೆ ಸಿಕ್ಕಿತು. ಸಂತ ಅನ್ನಮ್ಮನ ಚರ್ಚಿನ ಕಥೆ ಆರಂಭವಾಗುವುದು ಅಲ್ಲಿಂದಲೇ. ಅಂದರೆ ಈ ನಾಡಿಗೆ ನಾವು ಹೇಳದೆ ಕೇಳದೆ ಬಂದ ನೆಂಟರು. ಅರಸ ‘ಮೊದಲೇ ತಿಳಿಸಬಾರದಿತ್ತೇ’ ಎಂದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ಕೊಡುಕೊಳ್ಳುವಿಕೆ ಈಗಲೂ ನಿಂತಿಲ್ಲ. ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಹದಿನೆಂಟರಂದು ನೆರೆಮನೆಯ ಕೊಡವರಿಂದ ಮದ್ದುಸೊಪ್ಪಿನ ರಸದ ನೇರಳೆ ಬಣ್ಣದ ಮದ್ದುಪಾಯಸ ಬರುತ್ತದೆ, ಸುಗ್ಗಿಹಬ್ಬ ಪುತ್ತರಿಗೆ ತಂಬಿಟ್ಟು. ಕ್ರಿಸ್ಮಸ್ಸಿಗೆ ನಮ್ಮಿಂದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಹೋಗುತ್ತದೆ. ಆ ಹೊತ್ತಿಗೆ ಕಾಫಿ ಕೊಯ್ಲು ಶುರುವಾಗಿರುವುದರಿಂದ ಯಾರಿಗೂ ಕೈ ಬಿಡುವಿಲ್ಲ. ಕರಜಿಕಾಯಿಯಂಥ ನೆವ್ರಿ ಮಾಡುವ ದಿನವನ್ನು ಪಟ್ಟಿಯಲ್ಲಿ ಹದಿನೈದು ದಿನ ಮೊದಲೇ ಬರೆದಿಡದಿದ್ದರೆ ನೆರೆಮನೆಗೆ ಹೋಗುವುದು ಬೇಕರಿಯ ಕೇಕು. ಅದನ್ನೂ ಅವರು ಸಂತೋಷದಿಂದಲೇ ತೆಗೆದುಕೊಳ್ಳುತ್ತಾರೆ, ನಮಗೆ ಒಪ್ಪಿಗೆಯಾಗುವುದಿಲ್ಲ.

ಈಗ ಪಟ್ಟಿ ಬರೆಯುವವನು ನಾನು. ಅಣ್ಣನ ಮಗಳು ಈ ಬೇಸಗೆಯಲ್ಲಿ ಪೆನ್ಸಿಲ್ ಹಿಡಿದಿದ್ದಾಳೆ. ಎಲ್ಲರ ಬಳಿಯೂ ಮೊಬೈಲ್ ಇರುವಾಗ ‘+ 3’ ಯಾಕೆ ಎಂಬುದು ಅವಳ ವಾದ. ಅದಕ್ಕೆ ಬೈಬಲಿನ ಅಬ್ರಹಾಮನ ಕಥೆ ಹೇಳಿದೆ. ಬಿಸಿಲೇರಿದ ಹೊತ್ತಿನಲ್ಲಿ ಗುಡಾರದ ಮುಂದೆ ಮೂವರು ಅಪರಿಚಿತರು. ಅವನು ಹೇಳಿದ್ದು ‘ಒಂದು ತುತ್ತು ರೊಟ್ಟಿ’, ಮಾಡಿಸಿದ್ದು ಎಳೆಗರುವಿನ ಅಡುಗೆ, ಬೆಣ್ಣೆ, ಹಾಲು. ಹಿಟ್ಟು ನಾದಿದವಳು ಮಾತ್ರ ಹೆಂಡತಿ ಸಾರಾ, ಅದೂ ‘ಬೇಗ, ಬೇಗ’ ಎಂಬ ಅವಸರದಲ್ಲಿ. ‘ಸಾರಾ ಗೊಣಗಲಿಲ್ಲವೇ?’ ಎಂದಳು ಹುಡುಗಿ. ಪೇತ್ರನ ಪತ್ರ ಆಗಿನ್ನೂ ಬಂದಿರಲಿಲ್ಲ ಎಂದೆ.

ಫೋನ್ ಬಂದರೂ ಅದನ್ನು ಬಿಡಿಸಿ ಓದಲು ಬರಬೇಕು, ಅದನ್ನೀಗ ಕಲಿಸುತ್ತಿದ್ದೇನೆ. ‘ಬರೇ ಕಾಫಿ ಸಾಕು’ ಎಂದರೆ ಊಟ. ‘ಊಟ ಮಾಡಿಕೊಂಡೇ ಬರುತ್ತೇವೆ’ ಎಂದರೆ ಸ್ವಲ್ಪ ತಡವಾಗಿ ಊಟ. ‘ನಾವಿಬ್ಬರೇ’ ಎಂದರೆ ಮೂವರ ಅಕ್ಕಿ ಹಾಕಬೇಕು, ಏಕೆಂದರೆ ಕಾರು ಓಡಿಸಿಕೊಂಡು ಬರುವವನನ್ನು ಅವರು ಎಣಿಸಿರುವುದಿಲ್ಲ. ಕರೆದರೆ ಅವನು ‘ನನ್ನದು ಆಯಿತು’ ಎನ್ನುತ್ತಾನೆ. ಆಗಿರುವುದಿಲ್ಲ.