ಮೊಕ್ಕಿಯ ಸೌನಾ, ಅಜ್ಜಿಯ ಹಂಡೆ ಒಲೆ

ಫಿನ್‌ಲೆಂಡಿಗೆ ಬಂದು ಆರು ವರ್ಷ ಆಯಿತು. ಊರಿಗೆ ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಜಗತ್ತಿನಲ್ಲೇ ಖುಷಿಯಾಗಿರೋ ದೇಶವಂತೆ, ಹೌದಾ ಮಾರಾಯ?" ವಿಶ್ವ ಸಂತೋಷ ವರದಿಯ (World Happiness Report) ಪಟ್ಟಿಯಲ್ಲಿ 2018ರಿಂದ 2025ರವರೆಗೆ ಸತತ 8 ವರ್ಷ ಇದೇ ಮೊದಲು, ನಿಜ. ಆದರೆ ಬಸ್ಸಿನಲ್ಲಿ ಒಬ್ಬರ ಮುಖದಲ್ಲೂ ನಗು ಕಾಣುವುದಿಲ್ಲ! ನಿಮ್ಮ ಬದುಕಿಗೆ 10ಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ ಕೇಳಿ ಮಾಡುವ ಪಟ್ಟಿ ಅದು. ನಗು ಅಲ್ಲಿ ಲೆಕ್ಕಕ್ಕಿಲ್ಲ.

ಹೋದ ಜುಲೈಯಲ್ಲಿ ಆಫೀಸಿನ ಗೆಳೆಯ ತನ್ನ ಮೊಕ್ಕಿಗೆ ಕರೆದುಕೊಂಡು ಹೋದ. ಮೊಕ್ಕಿ ಅಂದರೆ ಬೇಸಿಗೆಯಲ್ಲಿ ಹೋಗಿ ಇರುವ ಮರದ ಮನೆ, ಹೆಚ್ಚಾಗಿ ಕೆರೆ ದಂಡೆಯಲ್ಲಿ. ಸುಮಾರು 56 ಲಕ್ಷ ಜನರ ದೇಶದಲ್ಲಿ ಇಂಥವು 5 ಲಕ್ಷ ಇವೆ. ಅವನದರಲ್ಲಿ ನಲ್ಲಿ ಇಲ್ಲ, ಕೆರೆಯಿಂದ ಬಕೆಟ್ಟಿನಲ್ಲಿ ನೀರು ಹೊರಬೇಕು. ಪಾಯಖಾನೆ ಹೊರಗೆ, ಅದರ ಹೆಸರು ಹೂಸ್ಸಿ (ನಗಬೇಡಿ, ನಿಜವಾಗಿ ಅದೇ ಹೆಸರು), ಅಲ್ಲಿ ಫ್ಲಶ್ ಬದಲು ಮರದ ಹೊಟ್ಟು ಸುರಿದು ಬರಬೇಕು. ಸಂಜೆ ಸೌದೆ ಒಡೆದು ಸೌನಾಕ್ಕೆ (ಆವಿಸ್ನಾನದ ಕೋಣೆ) ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ನೀರೆರಚಿ, ಚುರ್ ಅಂತ ಏಳುವ ಆವಿಯಲ್ಲಿ ಕೂತು, ತಡೆಯಲಾಗದಿದ್ದಾಗ ಓಡಿಹೋಗಿ ಕೆರೆಗೆ ಹಾರುವುದು. ಮಾತು ಕಡಿಮೆ. ಬೆಳಿಗ್ಗೆ ಕಾಡಲ್ಲಿ ಬ್ಲೂಬೆರಿ ಕೀಳುವುದು, ಜಾಗ ಯಾರದೇ ಇರಲಿ, ಕಾಡುಹಣ್ಣು ಕೀಳಲು ಇಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ.

ಖುಷಿಯಾಯ್ತಾ? ತುಂಬಾ. ಆದರೆ ಆ ಹೊಗೆ ವಾಸನೆಗೆ ತೀರ್ಥಹಳ್ಳಿ ಕಡೆಯ ಅಜ್ಜಿ ಮನೆ ಬಚ್ಚಲು ನೆನಪಾಗಿ, ಖುಷಿ ಸ್ವಲ್ಪ ಇಳಿಯಿತು. ಅಡಿಕೆ ಸಿಪ್ಪೆ ಹಾಕಿ ಕಾಯಿಸಿದ ಹಂಡೆ ನೀರಿನ ಸುಖವನ್ನು ನಾವು ಇವತ್ತಿಗೂ ಹೊಗಳುತ್ತೇವೆ. ಮಳೆಗಾಲದಲ್ಲಿ ಕತ್ತಲಿಗೇ ಎದ್ದು, ಒದ್ದೆ ಸೌದೆ ಊದಿ ಊದಿ ಆ ಒಲೆ ಹಚ್ಚುತ್ತಿದ್ದದ್ದು ಅಜ್ಜಿ, ಆಮೇಲೆ ಚಿಕ್ಕಮ್ಮ. ಮನೆಗೆ ಗೀಸರ್ ಬಂದ ದಿನ ಚಿಕ್ಕಮ್ಮನ ಮುಖ ನೋಡಬೇಕಿತ್ತು!

ನನ್ನ ಗೆಳೆಯ ನೀರು ಹೊರುವುದು ನಾಲ್ಕು ವಾರ, ಅದೂ ಸಂಬಳದ ರಜೆಯಲ್ಲಿ. ಬೇಜಾರಾದರೆ ಸಿಟಿ ಮನೆಗೆ ವಾಪಸ್, ಅಲ್ಲಿ ಕರೆಂಟಿನ ಸೌನಾ ಇದೆ. ಹೋಂಸ್ಟೇಗೆ ಹೋಗಿ "ಇವರದ್ದು ಎಷ್ಟು ಸರಳ ಬದುಕು, ಎಷ್ಟು ನೆಮ್ಮದಿ" ಅಂತ ಫೋಟೋ ಹಾಕುವವರು ಇದೊಂದನ್ನು ಸುಮ್ನೆ ಯೋಚಿಸಿದರೆ ಒಳ್ಳೆಯದು, ಅಲ್ವಾ? ನನಗೆ ಕಲಿಯಬೇಕು ಅನಿಸಿದ್ದು ಬೇರೆ. ಹೋದ ಕೂಡಲೇ ಅವನು ನನ್ನ ಕೈಗೆ ಕೊಡಲಿ ಕೊಟ್ಟ. ಪಾತ್ರೆ ಅವನೇ ತೊಳೆದ. ಅವನ ಹೆಂಡತಿ ಪುಸ್ತಕ ಹಿಡಿದು ಕೆರೆ ಕಟ್ಟೆಯಲ್ಲಿ ಕೂತಿದ್ದಳು.

ಮುಂದಿನ ಸಲ ಬಂದಾಗ ಹಂಡೆ ಒಲೆ ನಾನೇ ಹಚ್ಚುತ್ತೇನೆ ಅಂತ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಹಚ್ಚು ಮಾರಾಯ, ಬೂದಿನೂ ನೀನೇ ತೆಗಿ" ಅಂದಳು.