ಹ್ಯಾವ್‌ಲಾಕ್ ರೆಸಾರ್ಟಿಗೆ ಒಂದು ಸ್ಟಾರ್ ಕೊಡುವ ಮುಂಚೆ

ಬೆಂಗಳೂರಿನಿಂದ ನೇರ ವಿಮಾನ ಇರುವುದರಿಂದ ಹನಿಮೂನಿಗೆ, ಮಕ್ಕಳ ರಜೆಗೆ ಅಂತ ನಮ್ಮವರು ಅಂಡಮಾನಿಗೆ ತುಂಬಾ ಹೋಗುತ್ತಾರೆ. ಹೋದವರು ಹ್ಯಾವ್‌ಲಾಕ್ ಬಿಡುವುದಿಲ್ಲ. (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಆದರೆ ಟಿಕೆಟ್ ಕೌಂಟರಿನಿಂದ ಆಟೋದವರವರೆಗೆ ಜನ ಇನ್ನೂ ಹ್ಯಾವ್‌ಲಾಕ್ ಅಂತಲೇ ಹೇಳುತ್ತಾರೆ.) ವಾಪಸ್ ಬಂದು ಅಲ್ಲಿನ ಹೋಟೆಲುಗಳ ಬಗ್ಗೆ ಬರೆದದ್ದನ್ನು ಓದಿದರೆ ನನಗೆ ಎರಡೂ ಕಡೆಯವರ ಮೇಲೆ ಸಿಟ್ಟು ಬರುತ್ತದೆ. ಹೋಟೆಲಿನವರು ಹೇಳಲೇಬೇಕಾದ್ದನ್ನು ಹೇಳುವುದಿಲ್ಲ. ಅತಿಥಿಗಳು ಆ ಕೋಪವನ್ನೆಲ್ಲ ತಿಂಡಿ ಬಡಿಸುವ ಹುಡುಗನ ಮೇಲೆ ತೀರಿಸಿಕೊಳ್ಳುತ್ತಾರೆ.

ಮೊದಲು ಸಮುದ್ರದ ವಿಷಯ. ಅಲ್ಲಿನ ಬೀಚ್ ರೆಸಾರ್ಟುಗಳು ಹೆಚ್ಚಾಗಿ ಇರುವುದು ಪೂರ್ವದ ದಡದಲ್ಲಿ, ಗೋವಿಂದ ನಗರ, ವಿಜಯ ನಗರದ ಕಡೆ. ಆ ಕಡೆ ತುಂಬಾ ದೂರದವರೆಗೆ ಸಮುದ್ರದ ತಳ ಸಮತಟ್ಟು, ಆಳವೇ ಇಲ್ಲ, ಕೆಳಗೆಲ್ಲ ಹವಳದ ಬಂಡೆ. ಇಳಿತದ ಹೊತ್ತಿಗೆ ನೀರು ಎಷ್ಟು ಹಿಂದೆ ಸರಿಯುತ್ತದೆ ಅಂದರೆ ಕಣ್ಣೆದುರು ಉಳಿಯುವುದು ಕಲ್ಲು, ಪಾಚಿ, ಸತ್ತ ಹವಳದ ಚೂರು. ಬರಿಗಾಲಲ್ಲಿ ಇಳಿದರೆ ಪಾದ ಕೊಯ್ಯುವುದು ಗ್ಯಾರಂಟಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇನ್ನೂ ಜಾಸ್ತಿ. ಮಲ್ಪೆ, ಗೋಕರ್ಣದಲ್ಲಿ ಯಾವ ಹೊತ್ತಿಗೆ ಹೋದರೂ ಅಲೆ ಕಾಲಿಗೆ ಬಡಿಯುವುದನ್ನು ನೋಡಿದ ನಮಗೆ ಇದು ಹೊಸದು.

ನಾವು ಉಳಿದಿದ್ದ ಕಡೆ ದಾವಣಗೆರೆಯ ಒಂದು ಕುಟುಂಬ ಇತ್ತು. ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರು ಹುಡುಗಿಯರು ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬು ಹಾಕಿಕೊಂಡು ಓಡಿಬಂದರು. ಎದುರಿಗೆ ನೀರೇ ಇಲ್ಲ. ಅವರಪ್ಪ ನನ್ನ ಕಡೆ ತಿರುಗಿ, "ನೋಡ್ರೀ, ಇಷ್ಟು ರೊಕ್ಕ ಕೊಟ್ಟು ಬಂದೀವಿ, ಸಮುದ್ರಾನೇ ಇಲ್ಲ" ಅಂದರು. ರಿಸೆಪ್ಷನ್ ಹುಡುಗ ಫೋನ್ ತೆಗೆದು ನೋಡಿ, "ಮೂರು ಗಂಟೆ ಮೇಲೆ ನೀರು ಬರುತ್ತೆ ಸಾರ್" ಅಂದ. ಅವರ ಬೋಟು ಎರಡಕ್ಕೇ ಹೊರಡುವುದಿತ್ತು. ಚಿಕ್ಕವಳು ಟ್ಯೂಬು ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಪ್ಪ ಮಾತ್ರ ಆ ಹುಡುಗನಿಗೆ ಅರ್ಧ ಗಂಟೆ ಬೈದರು.

ಸಮುದ್ರ ಹಿಂದೆ ಹೋಗಿದ್ದಕ್ಕೆ ಆ ಹುಡುಗ ಏನು ಮಾಡಬೇಕಿತ್ತು? ಆದರೆ ಅವನ ಮಾಲೀಕರು ಮಾಡಬಹುದಾದ ಕೆಲಸ ಇತ್ತು. ಯಾವ ದಿನ ಎಷ್ಟು ಹೊತ್ತಿಗೆ ಉಬ್ಬರ, ಎಷ್ಟು ಹೊತ್ತಿಗೆ ಇಳಿತ ಅನ್ನುವ ಲೆಕ್ಕ ವರ್ಷ ಮೊದಲೇ ಸಿಗುತ್ತದೆ. ರೂಮು ಬುಕ್ ಆದ ತಕ್ಷಣ "ನೀವು ಬರುವ ದಿನಗಳಲ್ಲಿ ನಮ್ಮ ಮುಂದೆ ಈ ಹೊತ್ತಿಗೆ ನೀರು ಇರುತ್ತದೆ, ಈಜುವುದಕ್ಕೆ ರಾಧಾನಗರಕ್ಕೆ ಹೋಗಿ" ಅಂತ ಎರಡು ಸಾಲು ವಾಟ್ಸ್ಆ್ಯಪ್ ಕಳಿಸಿದ್ದರೆ ಆ ಮಕ್ಕಳು ಹಿಂದಿನ ದಿನವೇ ಮನಸಾರೆ ನೀರಾಟ ಆಡಿರುತ್ತಿದ್ದರು. ಅದು ಬಿಟ್ಟು ತುಂಬು ಉಬ್ಬರದಲ್ಲಿ ತೆಗೆದ ನೀಲಿ ನೀರಿನ ಫೋಟೋ ಒಂದನ್ನೇ ವೆಬ್‌ಸೈಟಿನಲ್ಲಿ ಹಾಕಿ ದುಡ್ಡು ತೆಗೆದುಕೊಳ್ಳುವುದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ.

ರಾಧಾನಗರ ಪಶ್ಚಿಮದ ಕಡೆ, ಜೆಟ್ಟಿಯಿಂದ ಸುಮಾರು 12 ಕಿ.ಮೀ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಒಳ್ಳೆಯ ಬೀಚ್ ಅಂತ ಕರೆದದ್ದು ಇದನ್ನೇ. ಶುದ್ಧ ಮರಳು, ಹಿಂದೆ ದೊಡ್ಡ ದೊಡ್ಡ ಮರಗಳ ಕಾಡು. ಆದರೆ ಊಟ ಮಾಡಿ, ಮಲಗಿ ಎದ್ದು, ನಿಧಾನವಾಗಿ ಹೋದರಾಯಿತು ಅಂದುಕೊಂಡರೆ ಕೆಟ್ಟಿರಿ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲು ಮುಳುಗುತ್ತಾನೆ. ಡಿಸೆಂಬರಿನಲ್ಲಿ ಐದಕ್ಕೆಲ್ಲ ಮುಗಿಯಿತು. ಕತ್ತಲಾಗುವ ಮುಂಚೆಯೇ ಲೈಫ್‌ಗಾರ್ಡುಗಳು ವಿಸಲ್ ಊದಿ ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಾರೆ. ಅವರ ಜೊತೆ ಜಗಳಕ್ಕೆ ನಿಲ್ಲುವವರಿಗೆ ಗೊತ್ತಿರಲಿ, 2010ರಲ್ಲಿ ಅದೇ ಬೀಚಿನ ಪಕ್ಕದಲ್ಲಿ ಮೊಸಳೆ ದಾಳಿಗೆ ಒಬ್ಬ ಪ್ರವಾಸಿ ಬಲಿಯಾಗಿದ್ದರು.

ಊಟದ ಬಗ್ಗೆ ಬರುವ ದೂರು ಓದಿದರೆ ಬೇಜಾರಾಗುತ್ತದೆ. ದೇಶ ವಿಭಜನೆ ಆದ ಮೇಲೆ ಪೂರ್ವ ಬಂಗಾಳ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಊರಲ್ಲಿ ಇರುವವರು ಹೆಚ್ಚಾಗಿ ಅವರೇ. ಅಡುಗೆಮನೆಯಲ್ಲೂ ಅವರೇ. ಸಾಸಿವೆ ಎಣ್ಣೆ, ಅನ್ನ, ಮೀನಿನ ಸಾರು ಅವರ ಕೈಯಲ್ಲಿ ಎಷ್ಟು ರುಚಿ! ಅಂಥವರ ಹತ್ತಿರ ಸೆಟ್ ದೋಸೆ ಕೇಳಿ, ಸಿಗದಿದ್ದಕ್ಕೆ ಒಂದು ಸ್ಟಾರ್ ಕೊಡುವುದು ಯಾವ ನ್ಯಾಯ? ಎಷ್ಟೋ ತರಕಾರಿ ಚೆನ್ನೈ, ಕೋಲ್ಕತ್ತಾದಿಂದ ಹಡಗಿನಲ್ಲಿ ಬರಬೇಕು, ಬೆಲೆ ಏರದೆ ಇರುತ್ತದಾ? ಕರೆಂಟು ಬರುವುದೂ ಡೀಸೆಲ್ ಜನರೇಟರಿನಿಂದ. ಆಗಾಗ ಹೋಗುತ್ತದೆ, ಬರುತ್ತದೆ.

ಹಾಗಂತ ಹೋಟೆಲಿನವರದು ತಪ್ಪೇ ಇಲ್ಲ ಅಂತಲ್ಲ. ಮುಗ್ಗಲು ವಾಸನೆಯ ಹಾಸಿಗೆ, ಬಾಗಿಲು ಸರಿಯಾಗಿ ಮುಚ್ಚದ ಬಾತ್‌ರೂಮು, ಇವನ್ನೆಲ್ಲ ಧಾರಾಳವಾಗಿ ಬರೆಯಿರಿ. ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಬೋಟ್ ರದ್ದಾದಾಗ. ಸಮುದ್ರ ಕೆರಳಿತ್ತು, ಪೋರ್ಟ್ ಬ್ಲೇರಿನಿಂದ (2024ರಿಂದ ಶ್ರೀ ವಿಜಯ ಪುರಂ) ಯಾವ ಬೋಟೂ ಬಿಡಲಿಲ್ಲ. ಬೋಟಿನವರು ಟಿಕೆಟ್ ದುಡ್ಡು ಕೊಟ್ಟರು. ಹ್ಯಾವ್‌ಲಾಕಿನ ರೆಸಾರ್ಟಿನವರಿಗೆ ಫೋನ್ ಮಾಡಿದರೆ "ನೀವು ಬಂದಿಲ್ಲ ಅಂದಮೇಲೆ ರೀಫಂಡ್ ಇಲ್ಲ" ಅಂದರು. ಬೋಟು ಬಿಟ್ಟರೆ ಅಲ್ಲಿಗೆ ನಮಗೆ ಬೇರೆ ದಾರಿಯೇ ಇರಲಿಲ್ಲ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ರೂಮಿನ ದುಡ್ಡು ವಾಪಸ್ ಬೇಡ, ಮುಂದಿನ ದಿನಕ್ಕಾದರೂ ಹಾಕಿಕೊಡಿ ಅಂತ ಕೇಳಿದೆವು. ಅದಕ್ಕೂ ಒಪ್ಪಲಿಲ್ಲ. ನೀಲ್ ದ್ವೀಪದ ಸಣ್ಣ ಲಾಡ್ಜಿನವರು ಮಾತ್ರ ನಾವು ಕೇಳುವ ಮುಂಚೆಯೇ "ಒಂದು ದಿನ ತಡವಾಗಿ ಬನ್ನಿ, ರೂಮು ಇಟ್ಟಿರುತ್ತೇವೆ" ಅಂತ ಮೆಸೇಜ್ ಹಾಕಿದ್ದರು. ಅಲ್ಲಿ ಎಸಿ ಇರಲಿಲ್ಲ, ಟಿವಿ ಇರಲಿಲ್ಲ. ನಾನು ಐದಕ್ಕೆ ಐದೂ ಕೊಟ್ಟೆ.

ಹೋಗುವವರು ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಉಳಿಯಿರಿ, ಅದೇ ದಿನ ಬೋಟಿನಲ್ಲಿ ಬಂದು ವಿಮಾನ ಹತ್ತುವ ಪ್ಲಾನು ಬೇಡ. ರೆಸಾರ್ಟಿಗೆ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ, ನಿಮ್ಮ ಮುಂದೆ ಎಷ್ಟು ಹೊತ್ತಿಗೆ ನೀರು ಇರುತ್ತದೆ, ಬೋಟ್ ರದ್ದಾದರೆ ನಮ್ಮ ದುಡ್ಡು ಏನಾಗುತ್ತದೆ ಅಂತ ಕೇಳಿ. ಉತ್ತರವನ್ನು ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸಲು ಹೇಳಿ. ಕಳಿಸುವುದಿಲ್ಲ ಅಂದರೆ ಬೇರೆ ಹೋಟೆಲ್ ನೋಡಿ, ಹ್ಯಾವ್‌ಲಾಕಿನಲ್ಲಿ ಬೇಕಾದಷ್ಟಿವೆ.